ಉಂಗುರದ ಕಲ್ಲೂ ಪೆಟ್ಟಿಗೆಯ ಕಲ್ಲೂ

ಕಳೆದ ತಿಂಗಳು ನಮ್ಮ ಸಂಘದ ಸಭಾಗೃಹದಲ್ಲಿ ನವರತ್ನಗಳ ಮಹಿಮೆಯನ್ನು ಕುರಿತು ಒಂದು ಉಪನ್ಯಾಸ ನಡೆಯಿತು. ಕುರ್ಚಿ ಸಾಲದೆ ಜನ ಗೋಡೆಗೊರಗಿ ನಿಂತಿದ್ದರು. ಅದೇ ಸಭಾಗೃಹದಲ್ಲಿ ಮಕ್ಕಳ ವಿಜ್ಞಾನ ಕಾರ್ಯಕ್ರಮಕ್ಕೆ ಹನ್ನೊಂದು ಜನ ಬಂದದ್ದನ್ನು ನಾನು ಕಂಡಿದ್ದೇನೆ. ಆ ಹನ್ನೊಂದರಲ್ಲಿ ನಾಲ್ವರು ಕಾರ್ಯಕಾರಿ ಸಮಿತಿಯವರು. ಉಪನ್ಯಾಸ ಮುಗಿದೊಡನೆ ಹಿಂದಿನ ಮೇಜಿನ ಮೇಲೆ ಪುಟ್ಟ ತಕ್ಕಡಿ, ಮಖಮಲ್ಲು ಹಾಸಿದ ತಟ್ಟೆ, ರಸೀದಿ ಪುಸ್ತಕ ಪ್ರತ್ಯಕ್ಷವಾದವು. ಸಂಘದ ಜಾಗದಲ್ಲಿ ಇದೇನು ಎಂದು ಕೇಳಿದ್ದಕ್ಕೆ, "ಅದು ಅವರವರ ನಂಬಿಕೆ, ನೀವು ಬಿಡಿ ಸಾರ್" ಎಂಬ ಉತ್ತರ ಬಂತು.

ಬಿಡಲಾರೆ. ಗ್ರಹಗಳ ವಿಷಯ ನನಗೆ ತಿಳಿಯದು, ಆ ಚರ್ಚೆಗೆ ನಾನು ಇಳಿಯುವುದಿಲ್ಲ. ಆದರೆ ಕಲ್ಲಿನ ವಿಷಯ ಅಲ್ಪಸ್ವಲ್ಪ ತಿಳಿದಿದೆ. ಬಿ.ಎಸ್‌ಸಿ.ಯಲ್ಲಿ ಭೂವಿಜ್ಞಾನ ಓದಿ, ಹೊಟ್ಟೆಪಾಡಿಗೆ ಕೇಂದ್ರ ಸರ್ಕಾರದ ಕಡತ ಹಿಡಿದವನು ನಾನು. ಕಾಲೇಜಿನಲ್ಲಿ ಕೂಡಿಟ್ಟ ಕಲ್ಲಿನ ಪೆಟ್ಟಿಗೆ ಪುಣೆಯ ಮನೆಯಲ್ಲಿ ಇಂದಿಗೂ ಮಂಚದ ಕೆಳಗಿದೆ. ಆ ಪೆಟ್ಟಿಗೆಯ ಧೈರ್ಯದಿಂದಲೇ ಈ ಮಾತು.

ಮೊದಲು ಮಾಣಿಕ್ಯವನ್ನೇ ತೆಗೆದುಕೊಳ್ಳೋಣ. ಅದು ರವಿಗೆ, ನೀಲ ಶನಿಗೆ. ತಂದೆ ಮಗ ಇಬ್ಬರಿಗೂ ಆಗಿಬರುವುದಿಲ್ಲ, ಆದ್ದರಿಂದ ಇವೆರಡನ್ನೂ ಒಟ್ಟಿಗೆ ಧರಿಸಕೂಡದು ಎಂದು ಅಂದು ವೇದಿಕೆಯ ಮೇಲಿಂದ ಕಟ್ಟಪ್ಪಣೆಯಾಯಿತು. ಸ್ವಾಮಿ, ಇವೆರಡೂ ಒಂದೇ ಖನಿಜ! ಎರಡೂ ಅಲ್ಯೂಮಿನಿಯಂ ಆಕ್ಸೈಡ್, ಎರಡೂ ಕೊರಂಡಮ್. ಆ ಇಂಗ್ಲಿಷ್ ಹೆಸರು ಹೋದದ್ದೂ ನಮ್ಮ ಕಡೆಯಿಂದಲೇ. ತಮಿಳಿನಲ್ಲಿ ಕುರುಂದಂ, ಸಂಸ್ಕೃತದಲ್ಲಿ ಕುರುವಿಂದ. ಅದರಲ್ಲಿ ಚಿಟಿಕೆಯಷ್ಟು ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣವೂ ಟೈಟೇನಿಯಮ್ಮೂ ಸೇರಿದರೆ ನೀಲಿ. ಎರಡರ ಕಾಠಿಣ್ಯವೂ 9, ಎರಡೂ ನೀರಿಗಿಂತ ನಾಲ್ಕು ಪಾಲು ಭಾರ. ಅದೇ ಕ್ರೋಮಿಯಂ ಬೆರಿಲ್ ಎಂಬ ಬೇರೆ ಖನಿಜದೊಳಗೆ ಹೊಕ್ಕರೆ ಹಸಿರು ಬಂದು ಪಚ್ಚೆಯಾಗುತ್ತದೆ, ಬುಧನ ಪಾಲಾಗುತ್ತದೆ. ಹಾಗಾದರೆ ಗ್ರಹಗಳು ನೋಡುವುದು ಖನಿಜವನ್ನೋ, ಕಲಬೆರಕೆಯನ್ನೋ?

ಬಣ್ಣವನ್ನೇ ನೋಡುತ್ತವೆ ಎನ್ನುವುದಾದರೆ ಬಣ್ಣದ ಗಾಜು ಸಾಕು. ಇಲ್ಲ, ವಸ್ತುವೇ ಮುಖ್ಯ ಎನ್ನುವುದಾದರೆ ಫ್ರಾನ್ಸಿನ ವರ್ನಾಯಿ ಎಂಬ ರಸಾಯನಶಾಸ್ತ್ರಜ್ಞನನ್ನು ನೆನೆಯಬೇಕು. ಅಲ್ಯೂಮಿನಾ ಪುಡಿಯನ್ನು ಉರಿಯುವ ಜ್ವಾಲೆಯ ಮೂಲಕ ಉದುರಿಸಿ, ಕರಗಿಸಿ, ಮಾಣಿಕ್ಯದ ಹರಳನ್ನು ಬೆಳೆಸುವ ವಿಧಾನವನ್ನು ಅವನು 1902ರಲ್ಲಿ ಪ್ರಕಟಿಸಿದ. ಅದು ನಕಲಿಯಲ್ಲ, ರಾಸಾಯನಿಕವಾಗಿ ಅಪ್ಪಟ ಮಾಣಿಕ್ಯ, ಬೆಲೆ ಮಾತ್ರ ಬಹಳ ಕಡಿಮೆ. ಕೈಗಡಿಯಾರದ ಒಳಗಿನ 'ಜ್ಯೂವೆಲ್'ಗಳು ಇಂಥವೇ. ನಮ್ಮ ತಂದೆಯವರು ಬೆಂಗಳೂರಿನ ಎಚ್‌ಎಂಟಿ ಜನತಾ ಗಡಿಯಾರವನ್ನು ಮೂವತ್ತು ವರ್ಷ ಕಟ್ಟಿದರು. ಅದರಲ್ಲಿ ಹದಿನೇಳು ಜ್ಯೂವೆಲ್. ಮುಂಗೈ ಮೇಲೆ ಹದಿನೇಳು ಮಾಣಿಕ್ಯವಿದ್ದರೂ ಅವರಿಗೆ ರವಿಯ ಕೃಪೆಯಿಂದ ಒಂದು ಬಡ್ತಿಯೂ ಸಿಗಲಿಲ್ಲ.

ಪುಷ್ಯರಾಗದ ಕತೆ ಇನ್ನೂ ಸೊಗಸು. ನಿಘಂಟು ತೆರೆದರೆ ಪುಷ್ಯರಾಗವೆಂದರೆ ಟೋಪಾಜ್. ಅಂಗಡಿಗೆ ಹೋದರೆ ಪುಷ್ಯರಾಗವೆಂದರೆ ಹಳದಿ ನೀಲ, ಅಂದರೆ ಮತ್ತೆ ಅದೇ ಕುರುಂದ. ಟೋಪಾಜ್ ಬೇರೆಯೇ ಖನಿಜ: ಕಾಠಿಣ್ಯ 8, ಸಾಪೇಕ್ಷ ಸಾಂದ್ರತೆ ಸುಮಾರು 3.5. ಇವೆರಡರ ಹೆಸರಿನಲ್ಲಿ ಮೂರನೆಯದೊಂದು ನುಸುಳಿಕೊಳ್ಳುತ್ತದೆ, ಸಿಟ್ರಿನ್. ಅದು ಹಳದಿ ಬೆಣಚುಕಲ್ಲು; ಹೆಚ್ಚಿನ ಪಾಲು ನೇರಳೆ ಬಣ್ಣದ ಅಮೆಥಿಸ್ಟನ್ನು ಕಾಯಿಸಿ ಮಾಡಿದ್ದು.

ಇದನ್ನು ಪುಸ್ತಕ ನೋಡಿ ಬರೆಯುತ್ತಿಲ್ಲ. ನನ್ನ ಹೆಂಡತಿಯ ತಮ್ಮ, ಮಗಳ ಮದುವೆ ಮುಂದೆ ಮುಂದೆ ಹೋಗುತ್ತಿದೆಯೆಂದು, ಗುರುಬಲಕ್ಕಾಗಿ ಐದು ಕ್ಯಾರೆಟ್ಟಿನ ಪುಷ್ಯರಾಗ ಕೊಂಡ. ಒಂದೂವರೆ ತಿಂಗಳ ಸಂಬಳ ಕೊಟ್ಟ. ಉಂಗುರಕ್ಕೆ ಕೂಡಿಸುವ ಮೊದಲು ತೋರಿಸಲು ಮನೆಗೆ ತಂದಿದ್ದ. ಅವನ ಒಪ್ಪಿಗೆ ಪಡೆದು, ಕಾಲೇಜೊಂದರ ಪ್ರಯೋಗಾಲಯದಲ್ಲಿರುವ ನನ್ನ ಸ್ನೇಹಿತರ ಬಳಿಗೆ ಒಯ್ದೆ. ಲೆಕ್ಕ ಏಳನೆಯ ತರಗತಿಯದು. ಐದು ಕ್ಯಾರೆಟ್ ಎಂದರೆ ಸರಿಯಾಗಿ ಒಂದು ಗ್ರಾಂ. ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದರೆ, ಕುರುಂದವಾಗಿದ್ದರೆ ಕಾಲು ಗ್ರಾಂ ಇಳಿದು 0.75 ತೋರಿಸಬೇಕು. ಟೋಪಾಜ್ ಆಗಿದ್ದರೂ ಸುಮಾರು 0.71 ಇರಬೇಕು. ತಕ್ಕಡಿ ತೋರಿಸಿದ್ದು 0.62. ಇಳಿದ ತೂಕದಿಂದ ಒಂದನ್ನು ಭಾಗಿಸಿದರೆ 2.65ರ ಆಸುಪಾಸು. ಅದು ಬೆಣಚುಕಲ್ಲಿನ ಸಾಂದ್ರತೆ. ಸ್ನೇಹಿತರು ಇನ್ನೂ ಎರಡು ಸಲ ತೂಗಿದರು.

ಹೇಳಿದಾಗ ಮೈದುನನ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾವ, ಇದನ್ನು ಅಕ್ಕನಿಗೆ ಹೇಳಬೇಡಿ" ಎಂದ. ಮಾರಿದವರು ವಾಪಸು ತೆಗೆದುಕೊಳ್ಳಲಿಲ್ಲ; "ನೀರಿಗೆ ಹಾಕಿ ಮೈಲಿಗೆ ಮಾಡಿದ್ದೀರಿ" ಎಂದರಂತೆ.

"ಹಿರಿಯರು ಮಾಡಿದ ಶಾಸ್ತ್ರ" ಎಂದು ಬಾಯಿ ಮುಚ್ಚಿಸುವವರಿಗೆ ಒಂದು ಮಾತು. ಹಿರಿಯರು ಕಲ್ಲನ್ನು ಪರೀಕ್ಷಿಸಿದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೊಕ್ಕಸಕ್ಕೆ ಬರುವ ರತ್ನಗಳ ಪರೀಕ್ಷೆಗೆಂದೇ ಒಂದು ಅಧ್ಯಾಯವಿದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರ, ಮುತ್ತು, ಪದ್ಮರಾಗ, ಮರಕತಗಳ ಲಕ್ಷಣಗಳಿವೆ. ಶುಭಾಶುಭವನ್ನೂ ಅವನು ಹೇಳಿದ್ದಾನೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಲಕ್ಷಣವನ್ನು ಕಣ್ಣಿಟ್ಟು ನೋಡಿ ಹೇಳಿದ್ದಾನೆ. ನಾವು ಲಕ್ಷಣವನ್ನು ಬಿಟ್ಟು ಫಲವನ್ನು ಮಾತ್ರ ಹಿಡಿದುಕೊಂಡೆವು. ಕಣ್ಣಳತೆಯೊಂದನ್ನೇ ನಂಬಿದರೆ ದೊಡ್ಡವರೂ ಮೋಸಹೋಗುತ್ತಾರೆ. ಇಂಗ್ಲೆಂಡಿನ ರಾಜಕಿರೀಟದಲ್ಲಿರುವ 'ಬ್ಲ್ಯಾಕ್ ಪ್ರಿನ್ಸ್‌ನ ಮಾಣಿಕ್ಯ' ಮಾಣಿಕ್ಯವೇ ಅಲ್ಲ, ಸ್ಪಿನೆಲ್ ಎಂಬ ಬೇರೆ ಕಲ್ಲು.

ಸಂಘ ಮಾಡಬೇಕಾದದ್ದು ಬೇರೆಯೇ ಇದೆ. ನಮ್ಮ ವಾಚನಾಲಯದಲ್ಲಿ ಹಳೆಯ ವಾರ್ಷಿಕ ವರದಿಗಳನ್ನು ತುಂಬಿಟ್ಟಿರುವ ಗಾಜಿನ ಬೀರು ಒಂದಿದೆ. ಅದನ್ನು ತೆರವು ಮಾಡಿ, ಅದರಲ್ಲಿ ಕಲ್ಲುಗಳನ್ನಿಡೋಣ. ಮೋಸ್ ಎಂಬಾತ 1812ರಲ್ಲಿ ಮಾಡಿದ ಕಾಠಿಣ್ಯದ ಹತ್ತು ಮೆಟ್ಟಿಲುಗಳಲ್ಲಿ ಮೊದಲನೆಯದು ಟಾಲ್ಕ್, ನಮ್ಮ ಬಳಪದ ಕಲ್ಲಿನಲ್ಲಿರುವ ಮೆದು ಖನಿಜ. ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿದ ನಾವೆಲ್ಲ ಭೂವಿಜ್ಞಾನದ ಮೊದಲ ಪಾಠವನ್ನು ಗೊತ್ತಿಲ್ಲದೆಯೇ ಕಲಿತವರು. ಬೇಲೂರು ಹಳೇಬೀಡುಗಳಲ್ಲಿ ಉಳಿಯು ಅಷ್ಟು ನವುರಾಗಿ ಓಡಿದ್ದು ಈ ಕಲ್ಲಿನ ಮೆದುತನದಿಂದ. ಉಗುರಿನ ಕಾಠಿಣ್ಯ ಎರಡೂವರೆ, ಚಾಕುವಿನದು ಸುಮಾರು ಐದೂವರೆ, ಬೆಣಚುಕಲ್ಲಿನದು 7. ಇವಿಷ್ಟರಿಂದಲೇ ಒಂದು ಮಗು ರಸ್ತೆ ಬದಿಯ ಅರ್ಧ ಕಲ್ಲುಗಳನ್ನು ವಿಂಗಡಿಸಬಲ್ಲದು.

ಊರಿಗೆ ರಜೆಯ ಮೇಲೆ ಹೋಗುವವರು ತೊಗರಿಬೇಳೆ, ಹಪ್ಪಳದ ಜತೆಗೆ ಒಂದೊಂದು ಕಲ್ಲು ತರಲಿ. ಸಂಡೂರಿನ ಹೆಮಟೈಟ್ ನೋಡಲು ಕಪ್ಪಾದರೂ ಮೆರುಗಿಲ್ಲದ ಬಿಳಿ ಬಿಲ್ಲೆಯ ಮೇಲೆ ಉಜ್ಜಿದರೆ ಕೆಮ್ಮಣ್ಣಿನ ಗೆರೆ ಬರುತ್ತದೆ. ಹಾಸನ ಜಿಲ್ಲೆಯ ಬೈರಾಪುರದ ಕ್ರೋಮೈಟ್ ಬರಲಿ. ಮಾಣಿಕ್ಯಕ್ಕೆ ಕೆಂಪು ಕೊಡುವ ಕ್ರೋಮಿಯಂ ಅದರಲ್ಲೇ ಇರುವುದು. 2001ರಲ್ಲಿ ಮುಚ್ಚಿದ ಕೋಲಾರದ ಗಣಿಯಲ್ಲಿ ದುಡಿದ ಮನೆತನದವರು ನಮ್ಮಲ್ಲೂ ಇದ್ದಾರೆ. ಅವರ ಮನೆಯಲ್ಲೊಂದು ಬೆಣಚುಕಲ್ಲಿನ ಚೂರು ಉಳಿದಿದ್ದರೆ ಕೊಡಲಿ. ಆದರೆ ಲಾಲ್‌ಬಾಗಿನ ಬಂಡೆಗೂ ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲಿಗೂ ಯಾರೂ ಸುತ್ತಿಗೆ ಹಾಕಬಾರದು. ಅವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು.

ಅಷ್ಟು ದೂರವೇಕೆ, ನಾವಿರುವ ನೆಲವೇ ಒಂದು ಭಂಡಾರ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾದ ಗುಳ್ಳೆಗಳೊಳಗೆ ಬೆಳೆದ ಹರಳುಗಳು ಪುಣೆ, ನಾಸಿಕ, ಜಳಗಾಂವ ಸುತ್ತಿನ ಕಪ್ಪುಕಲ್ಲಿನ ಕ್ವಾರಿಗಳಲ್ಲಿ ಸಿಕ್ಕಿವೆ: ಗಾಜಿನಂಥ ಅಪೋಫಿಲೈಟ್, ಗೋಧಿ ಸಿವುಡಿನಂಥ ಸ್ಟಿಲ್‌ಬೈಟ್. ಸ್ಟಿಲ್‌ಬೈಟ್ ಜಿಯೋಲೈಟ್ ಕುಲದ್ದು. ಆ ಹೆಸರಿಗೆ ಗ್ರೀಕಿನಲ್ಲಿ ಕುದಿಯುವ ಕಲ್ಲು ಎಂದರ್ಥ. 1756ರಲ್ಲಿ ಸ್ವೀಡನ್ನಿನ ಕ್ರಾನ್‌ಸ್ಟೆಟ್ ಕಾಯಿಸಿದಾಗ ಕಲ್ಲಿನೊಳಗಿನ ನೀರು ಬುಸುಗುಟ್ಟಿತಂತೆ. ನವಿಲುನೀಲಿಯ ಕ್ಯಾವನ್ಸೈಟ್ ಮೊದಲು ಕಂಡದ್ದು ಅಮೆರಿಕದ ಆರೆಗನ್ನಿನಲ್ಲಿ. ಆದರೆ ಜಗತ್ತಿನ ಅತ್ಯುತ್ತಮ ಮಾದರಿಗಳು ದೊರೆತದ್ದು ಇಲ್ಲೇ, ಪುಣೆಯ ಮಗ್ಗುಲಿನ ವಾಘೋಲಿಯಲ್ಲಿ. ಅವು ವಿದೇಶದ ಸಂಗ್ರಹಾಲಯಗಳಲ್ಲಿ ಕುಳಿತಿವೆ. ವಾಘೋಲಿಯಲ್ಲಿ ಫ್ಲ್ಯಾಟು ಕೊಂಡ ನಮ್ಮ ಸದಸ್ಯರಲ್ಲಿ ಎಷ್ಟು ಮಂದಿ ಆ ಹೆಸರು ಕೇಳಿದ್ದಾರೆ? ಸಿನ್ನರಿನ ಗಾರ್ಗೋಟಿ ಖನಿಜ ಸಂಗ್ರಹಾಲಯಕ್ಕೆ ಮಕ್ಕಳನ್ನು ಒಂದು ಭಾನುವಾರ ಕರೆದೊಯ್ಯಬಹುದು. ಶಿರಡಿಗೆ ಬಸ್ಸು ಮಾಡಿದವರಿಗೆ ಸಿನ್ನರ್ ದೂರವಲ್ಲ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಎರಡು ಠರಾವು ಮಂಡಿಸುವವನಿದ್ದೇನೆ: ಸಂಘದ ಜಾಗದಲ್ಲಿ ಗ್ರಹರತ್ನಗಳ ಮಾರಾಟಕ್ಕೆ ಅವಕಾಶ ಕೂಡದು, ಗಾಜಿನ ಬೀರುವನ್ನು ಕಲ್ಲುಗಳಿಗೆ ಬಿಟ್ಟುಕೊಡಬೇಕು. ಮೊದಲ ಕಂತಾಗಿ ನನ್ನ ಪೆಟ್ಟಿಗೆಯ ಇಪ್ಪತ್ತಮೂರು ಕಲ್ಲುಗಳನ್ನು ಚೀಟಿ ಸಮೇತ ಕೊಡುತ್ತೇನೆ. ಇಪ್ಪತ್ತನಾಲ್ಕನೆಯದನ್ನು ಮೈದುನ ಕೊಡಲೊಪ್ಪಿದ್ದಾನೆ, ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ. ವಿರೋಧಿಸುವವರು ಇದೇ ಪುಟಗಳಲ್ಲಿ ಬರೆಯಲಿ. ಸಂಪಾದಕರು ಸ್ಥಳ ಕೊಟ್ಟರೆ ಉತ್ತರಿಸಲು ಸಿದ್ಧನಿದ್ದೇನೆ.