ಸೋರಿದ ತಂಪು

ತಂದೆಯ ಕಾಲದ ಕಾರನ್ನು ಮಾರಲೊಲ್ಲದೆ ಜತನದಿಂದ ಇಟ್ಟುಕೊಂಡ ಭಕ್ತರು ಅನೇಕರು. ಬೇಸಿಗೆ ಬಂದೊಡನೆ ಅವರದೊಂದೇ ದೂರು: ಹೋದ ವರ್ಷವಷ್ಟೇ ಗ್ಯಾಸ್ ತುಂಬಿಸಿದೆವು, ಏಸಿ ಮತ್ತೆ ತಂಪು ಕೊಡುತ್ತಿಲ್ಲ. ಆ ಗ್ಯಾಸ್ ಹೋದದ್ದೆಲ್ಲಿಗೆ ಎಂದು ನಾವು ಕೇಳುತ್ತೇವೆ. ಅದು ಪೆಟ್ರೋಲಿನಂತೆ ಉರಿದು ತೀರುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತ ಒಳಗಿನ ಶಾಖವನ್ನು ಹೊತ್ತು ಹೊರಗೆ ಬಿಡುವಂಥದು. ಕಡಿಮೆಯಾಯಿತೆಂದರೆ ಸೋರಿದೆಯೆಂದೇ ಅರ್ಥ. ರಬ್ಬರು ಹೋಸು, ಜೋಡಣೆಗಳ ಓ-ರಿಂಗು, ಕಂಪ್ರೆಸರಿನ ಸೀಲು ಹಳತಾದಂತೆ ಬಿರುಕುಬಿಡುತ್ತವೆ. ಎಣ್ಣೆಯ ಜಿಡ್ಡಿಗೆ ಧೂಳು ಹಿಡಿದು ಕಪ್ಪಾದ ಜೋಡಣೆಯನ್ನು ಮೊದಲು ನೋಡಿಸಿರಿ.

1990ರ ದಶಕದ ಆರಂಭದವರೆಗಿನ ಕಾರುಗಳಲ್ಲಿದ್ದುದು ಬಹುಮಟ್ಟಿಗೆ ಆರ್-12. ಭೂಮಿಗೆ ಕೊಡೆಯಾದ ಓಜೋನ್ ಪದರವನ್ನು ಸವೆಸುವ ಆ ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದವು ನಿರ್ಬಂಧಿಸಿತು. ಆರ್-134ಎಗೆ ಬದಲಿಸುವಾಗ ಹಳೆಯ ಖನಿಜ ತೈಲ ಹೊಂದದು. ಎಸ್ಟರ್ ತೈಲ ಬೇಕು, ತೇವ ಹೀರುವ ಡ್ರೈಯರ್ ಹೊಸದಾಗಬೇಕು, ಒಳಗಿನ ಗಾಳಿಯನ್ನು ವ್ಯಾಕ್ಯೂಮ್ ಪಂಪಿನಿಂದ ತೆಗೆಯಬೇಕು. ಹೊಸ ಅನಿಲ ಓಜೋನಿಗೆ ಕೇಡು ಮಾಡದು, ಆದರೆ ಭೂಮಿಯನ್ನು ಕಾಯಿಸುವುದು. ಅದನ್ನೂ ಬಯಲಿಗೆ ಬಿಡಲಾಗದು. ಉಳಿದ ಅನಿಲವನ್ನು ಯಂತ್ರದಿಂದ ಸಿಲಿಂಡರಿಗೆ ಹಿಡಿದಿಡುವ ಮೆಕ್ಯಾನಿಕನನ್ನು ನಾವು ಕಾಯಕಜೀವಿಯೆಂದೇ ಕರೆದೇವು. ಸೋರಿಕೆ ಹುಡುಕಲು ಅವನು ಒಂದು ದಿನ ಕೇಳಿದರೆ ಕೊಡಿರಿ.