ಶೋರೂಮಿನಲ್ಲಿ ಯಾರೂ ಕೇಳದ ಅಂಕಿ

ಸಣ್ಣ ಕಾರು ಕೊಳ್ಳಲು ಬಂದವರಿಗೆ ಶೋರೂಮಿನವರು ಮೊದಲು ಹೇಳುವುದು ಮೈಲೇಜು, ಆಮೇಲೆ ಹಾರ್ಸ್‌ಪವರ್. ಚಕ್ರ ತಿರುಗಿಸುವ ಬಲವಾದ ಟಾರ್ಕ್ ಮಾತ್ರ ಬ್ರೋಷರಿನ ಸಣ್ಣ ಅಕ್ಷರದಲ್ಲೇ ಉಳಿಯುತ್ತದೆ. ಘಾಟಿನಲ್ಲಿ ಕಾರು ಏದುಸಿರು ಬಿಟ್ಟರೆ ಬೈಗುಳವೆಲ್ಲ ಓಡಿಸುವವರ ಪಾಲಿಗೆ.

ಮಾರುತಿಯ 1.0 ಲೀಟರ್ ಕೆ10ಸಿ ಪೆಟ್ರೋಲ್ ಎಂಜಿನ್ನಿನ ಗರಿಷ್ಠ ಟಾರ್ಕ್ 89 ನ್ಯೂಟನ್ ಮೀಟರ್. ಅದು ಸಿಗುವುದು 3500 ಆರ್‌ಪಿಎಂನಲ್ಲಿ. ಹ್ಯುಂಡೈ ವೆನ್ಯೂವಿನ 1.0 ಲೀಟರ್ ಟರ್ಬೊ 1500ರಿಂದಲೇ ಸುಮಾರು 172 ಕೊಡುತ್ತದೆ. ಎರಡೂ ಒಂದೇ ಲೀಟರಿನವು.

ಪುಣೆಯಿಂದ ಬೆಳಗಾವಿಗೆ ಹೊರಟ ಸಂಸಾರವನ್ನು ನೆನೆಯಿರಿ. ಐದು ಜನ, ಡಿಕ್ಕಿ ತುಂಬ ಸಾಮಾನು, ಮೇಲೆ ಎಸಿ. ಖಂಬಾಟ್ಕಿ ಘಾಟಿನಲ್ಲಿ ಲಾರಿಯ ಹಿಂದೆ ಸಿಕ್ಕಿ ಆರ್‌ಪಿಎಂ 1500ಕ್ಕೆ ಇಳಿದರೆ, ಟರ್ಬೊ ಇಲ್ಲದ ಕಾರು ಮೂರನೇ ಗೇರಿನಲ್ಲಿ ಎಷ್ಟು ಒತ್ತಿದರೂ ಎಳೆಯದು. ಮ್ಯಾನ್ಯುಯಲ್ ಆದರೆ ಮೊದಲೇ ಎರಡಕ್ಕೆ ಇಳಿಸಿಕೊಳ್ಳಬಹುದು. ಎಎಂಟಿಯನ್ನು ಅದರ ಪಾಡಿಗೆ ಬಿಟ್ಟರೆ ಅದು ತಡವಾಗಿ ಇಳಿಸುತ್ತದೆ. ಇಳಿಸುವಾಗ ಕ್ಲಚ್ ಬಿಡಿಸಿಕೊಂಡು ಎಳೆತವೇ ನಿಲ್ಲುತ್ತದೆ. ಓವರ್‌ಟೇಕಿನ ನಡುವೆ ಆ ಒಂದು ಕ್ಷಣ ಜೀವಕ್ಕೆ ಸಂಬಂಧಿಸಿದ್ದು.

"ಸಿಟಿಗೆ ಇಷ್ಟು ಸಾಕು ಸರ್" ಎನ್ನುತ್ತಾರೆ ಮಾರುವವರು. ಒಬ್ಬರೇ ಕೂತರೆ ಸಾಕು, ನಿಜ. ಆದರೆ ಐದು ಸೀಟಿನ ಕಾರೆಂದೇ ದುಡ್ಡು ತೆಗೆದುಕೊಂಡಿದ್ದಾರಲ್ಲ?

ಟರ್ಬೊ ಎಲ್ಲರ ಜೇಬಿಗೂ ನಿಲುಕದು. ಟಾರ್ಕಿನ ಗ್ರಾಫನ್ನು ಮೈಲೇಜಿನ ಪಕ್ಕದಲ್ಲೇ ಅಚ್ಚು ಹಾಕಲು ಕಂಪನಿಗಳಿಗೆ ಏನು ಖರ್ಚು? ಅಲ್ಲಿಯವರೆಗೆ ಮನೆಯವರನ್ನೆಲ್ಲ ಕೂರಿಸಿ, ಎಸಿ ಹಾಕಿ, ಏರುರಸ್ತೆಯಲ್ಲೇ ಟೆಸ್ಟ್ ಡ್ರೈವ್ ಕೇಳಿ. ಕೊಡದ ಶೋರೂಮಿನಲ್ಲಿ ಅಡ್ವಾನ್ಸ್ ಕಟ್ಟಬೇಡಿ.