ಹಾರ್ಮೋನು ರಾಕ್ಷಸನೂ ನಮ್ಮ ಮನೆಯ ಮೌನವೂ

ಪ್ರಾಯಕ್ಕೆ ಕಾಲಿಡುವ ಮಗುವನ್ನು ರಾಕ್ಷಸರೂಪದಲ್ಲಿ ಕಾಣಿಸುವುದು ಪಾಶ್ಚಾತ್ಯ ಚಿತ್ರರಂಗದ ಹಳೆಯ ರೂಢಿ. 1957ರ ‘ಐ ವಾಸ್ ಎ ಟೀನೇಜ್ ವೆರ್‌ವುಲ್ಫ್’ ಚಿತ್ರದಲ್ಲಿ ಶಾಲಾಬಾಲಕನೊಬ್ಬ ತೋಳಮಾನವನಾಗಿ ಊರನ್ನೇ ಹೆದರಿಸಿದನು. 1985ರ ‘ಟೀನ್ ವುಲ್ಫ್’ ಬರುವ ವೇಳೆಗೆ ಅದೇ ಸಂಗತಿ ನಗೆಯ ವಸ್ತುವಾಗಿತ್ತು. ಮೈಮೇಲೆ ಏಕಾಏಕಿ ಕೂದಲು, ಒಡೆದ ಧ್ವನಿ, ಕಾರಣವಿಲ್ಲದ ಕೋಪ, ತೀರದ ಹಸಿವು. ಹದಿಹರೆಯದವರಿರುವ ಮನೆಗಳಿಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ.

ನೆಟ್‌ಫ್ಲಿಕ್ಸ್‌ನಲ್ಲಿ 2017ರಿಂದ 2025ರವರೆಗೆ ಬಂದ ‘ಬಿಗ್ ಮೌತ್’ ಎಂಬ ಆನಿಮೇಷನ್ ಹಾಸ್ಯ ಧಾರಾವಾಹಿಯಲ್ಲಿ ರಾಕ್ಷಸನು ಹೊರಗೇ ನಿಲ್ಲುತ್ತಾನೆ. ಕೊಂಬುಳ್ಳ, ಜಡೆಗಟ್ಟಿದ ರೋಮದ ‘ಹಾರ್ಮೋನು ರಾಕ್ಷಸ’ ಮಕ್ಕಳ ಬೆನ್ನುಬಿದ್ದು ಸಲ್ಲದ ಸಲಹೆ ಕೊಡುತ್ತಾನೆ. ಭಾಷೆ ಅತಿ ಒರಟು; ಹನ್ನೆರಡರ ಮಕ್ಕಳ ಮುಂದಿಡತಕ್ಕದ್ದಲ್ಲ. ಆದರೆ ಎರಡನೆಯ ಸರಣಿಯಲ್ಲಿ ಕಾಣಿಸಿಕೊಳ್ಳುವ ‘ನಾಚಿಕೆಯ ಮಾಂತ್ರಿಕ’ನನ್ನು ಪೋಷಕರು ಅವಶ್ಯವಾಗಿ ನೋಡಬೇಕು. ಅವನು ಮಗುವಿನ ಕಿವಿಯಲ್ಲಿ ‘ನೀನು ಕೆಟ್ಟವನು’ ಎಂದು ಪಿಸುಗುಡುವವನು. ನಮ್ಮ ಅಭಿಪ್ರಾಯದಲ್ಲಿ ಹಾರ್ಮೋನು ರಾಕ್ಷಸನಿಗಿಂತ ಇವನೇ ಅಪಾಯಕಾರಿ, ನಮ್ಮ ಮನೆಗಳಿಗೆ ಹೆಚ್ಚು ಪರಿಚಿತನೂ ಹೌದು.

ನೆದರ್ಲೆಂಡ್ಸ್ ಈ ವಿಷಯದಲ್ಲಿ ಮುಚ್ಚುಮರೆ ಮಾಡುವುದಿಲ್ಲ. 2012ರ ಡಿಸೆಂಬರಿನಿಂದ ಲೈಂಗಿಕತೆಯ ಅರಿವು ಪ್ರಾಥಮಿಕ ಶಾಲೆಗಳ ಕಡ್ಡಾಯ ಗುರಿಗಳಲ್ಲೊಂದು. 2013ರಲ್ಲಿ ಎನ್‌ಟಿಆರ್ ವಾಹಿನಿಯ ಶಾಲಾ ಕಾರ್ಯಕ್ರಮದಲ್ಲಿ ಮಾರ್ಟಿನೆ ಸಾಂಡಿಫೋರ್ಟ್ ಅವರು ‘ಡಾಕ್ಟರ್ ಕೊರಿ’ಯ ವೇಷದಲ್ಲಿ ಮಕ್ಕಳನ್ನು ನಗಿಸುತ್ತಲೇ ದೇಹದ ಪಾಠ ಹೇಳಿದರು. ಇಲ್ಲಿನ ಪೋಷಕರಲ್ಲಿಯೂ ಕೆಲವರು ಸಹಿ ಸಂಗ್ರಹಿಸಿ ಪ್ರತಿಭಟಿಸಿದರು; ಸಂಕೋಚ ನಮ್ಮೊಬ್ಬರ ಸ್ವತ್ತೇನೂ ಅಲ್ಲ. ಡಚ್ ಭಾಷೆಯಲ್ಲಿ ಇದಕ್ಕೆ ‘ಪ್ಯುಬೇರೆನ್’ ಎಂಬ ಕ್ರಿಯಾಪದವೇ ಇದೆ. ನಮ್ಮಲ್ಲಿ ಹುಡುಗಿ ‘ದೊಡ್ಡವಳಾದಳು’, ಹುಡುಗನಿಗೆ ‘ಮೀಸೆ ಚಿಗುರಿತು’. ಅಲ್ಲಿಗೆ ಮಾತು ಮುಗಿಯಿತು.

ಇದರ ಪರಿಣಾಮವನ್ನು ನಾವು ಯೋಚಿಸಬೇಕು. ಗ್ರೂಪ್ 8ರ ಮಗು ತನ್ನ ದೇಹದ ಕುರಿತ ಪ್ರಶ್ನೆಯನ್ನು ಡಚ್ಚಿನಲ್ಲಿ ಕೇಳುತ್ತದೆ, ಡಚ್ಚಿನಲ್ಲೇ ಉತ್ತರ ಪಡೆಯುತ್ತದೆ. ಕನ್ನಡಕ್ಕೆ ಉಳಿಯುವುದು ‘ಊಟ ಆಯಿತಾ’, ‘ಹೋಮ್‌ವರ್ಕ್ ಮುಗೀತಾ’. ಮಕ್ಕಳು ಕನ್ನಡ ಬಿಡುತ್ತಿದ್ದಾರೆಂದು ಪ್ರತಿ ರಾಜ್ಯೋತ್ಸವದಲ್ಲೂ ಮರುಗುತ್ತೇವೆ. ಅವರಿಗೆ ಅತ್ಯಂತ ಬೇಕಾದ ವಯಸ್ಸಿನಲ್ಲಿ ಮಾತು ನಿಲ್ಲಿಸುವವರು ಮಾತ್ರ ನಾವೇ.

ಆದರೂ ಕನ್ನಡಕ್ಕೆ ಈ ಮಾತು ಬಾರದೆಂದು ಹೇಳಲಾಗದು. ಎ. ಕೆ. ರಾಮಾನುಜನ್ ಅವರು ಕರ್ನಾಟಕದಲ್ಲಿ ಸಂಗ್ರಹಿಸಿದ ಜನಪದ ಕಥೆಯೊಂದರಲ್ಲಿ ಬಡ ಹುಡುಗಿಯೊಬ್ಬಳು ನೀರು ಸುರಿದರೆ ಹೂಮರವಾಗುತ್ತಾಳೆ, ಮತ್ತೆ ನೀರು ಸುರಿದರೆ ಹುಡುಗಿಯಾಗುತ್ತಾಳೆ. ಅಕ್ಕ ನೋಯಿಸದೆ ಹೂ ಬಿಡಿಸುತ್ತಾಳೆ. ಗಂಡನ ತಂಗಿ ಮತ್ತು ಗೆಳತಿಯರು ಕೊಂಬೆ ಮುರಿದು, ನೀರನ್ನೂ ಸರಿಯಾಗಿ ಹಾಕದೆ ಹೋಗುತ್ತಾರೆ. ಆಕೆ ಕೈಕಾಲಿಲ್ಲದ ಅರೆದೇಹವಾಗಿ ಉಳಿಯುತ್ತಾಳೆ. ಮಾರ್ಪಾಡಿನ ಬೆರಗೂ ಅದನ್ನು ಒರಟಾಗಿ ಮುಟ್ಟಿದರೆ ಆಗುವ ವಿರೂಪವೂ ಇಲ್ಲಿ ಒಟ್ಟಿಗಿವೆ. 1992ರಲ್ಲಿ ಗಿರೀಶ್ ಕಾರ್ನಾಡರು ಇದನ್ನೇ ‘ಚೆಲುವಿ’ ಎಂಬ ಹಿಂದಿ ಚಿತ್ರವಾಗಿಸಿದರು.

ನಮ್ಮ ಕನ್ನಡ ತರಗತಿಯ ದೊಡ್ಡ ಮಕ್ಕಳ ಗುಂಪಿನಲ್ಲಿ ಈ ವರ್ಷ ಆ ಕಥೆಯನ್ನು ಓದಬೇಕೆಂಬುದು ನಮ್ಮ ಸಲಹೆ. ಹುಡುಗರನ್ನು ಹೊರಗೆ ಕಳುಹಿಸದೆ, ಅಪ್ಪಂದಿರನ್ನೂ ಕೂರಿಸಿಕೊಂಡು ಓದಬೇಕು.